ಮಲೇರಿಯಾ ಪರಾವಲಂಬಿ: ನಕಲಿನ ತಪ್ಪುಗಳ ಇತಿಹಾಸ

ಕೆಲವು ವರ್ಷಗಳ ಹಿಂದೆ ಪ್ರೌಢಶಾಲಾ ವಿಜ್ಞಾನ ಶಿಕ್ಷಕರ ತರಬೇತಿ ಶಿಬಿರವೊಂದಕ್ಕೆ ಹೋಗಿದ್ದೆ. ನನ್ನ ಪಾಠ ಇದ್ದದ್ದು ಸಂಭವನೀಯತೆಯ ಬಗ್ಗೆ. ಉದಾಹರಣೆ ಕೊಡುವ ಉತ್ಸಾಹದಲ್ಲಿ ಮಲೇರಿಯಾ ಔಷಧಿಗಳ ಮಾತು ಬಂತು. 'ಹಿಂದೆ ಕ್ಲೋರೋಕ್ವಿನ್ ಮಾತ್ರೆಗೆ ಎಲ್ಲ ಚಳಿಜ್ವರವೂ ಬಿಡುತ್ತಿತ್ತು. ಈಗ ಎಷ್ಟೋ ಕಡೆ ಬಿಡುವುದಿಲ್ಲ. ಪರಾವಲಂಬಿ ಜೀವಿ ಔಷಧಿಗೆ ಒಗ್ಗಿಕೊಂಡುಬಿಟ್ಟಿದೆ' ಎಂದೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಶಿಕ್ಷಕಿಯೊಬ್ಬರು ಎದ್ದು ನಿಂತು, 'ಸಾರ್, ಒಗ್ಗಿಕೊಳ್ಳುವುದು ಅಂದರೆ ಏನು? ದಿನಾ ಖಾರ ತಿಂದು ನಾಲಿಗೆಗೆ ಅಭ್ಯಾಸವಾದ ಹಾಗೆಯೇ?' ಎಂದು ಕೇಳಿದರು. ನಾನು ಏನೋ ಹೇಳಿ ಜಾರಿಕೊಂಡೆ. ಮನೆಗೆ ಬಂದ ಮೇಲೆ, ತಪ್ಪು ಹೇಳಿದೆನಲ್ಲ ಎಂಬುದು ಕಾಡಿತು. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಇದೇ ವಾಕ್ಯ ಕಂಡರೆ ನಾವು ಅಂಕ ಕೊಡುತ್ತೇವೆ. ಕೊಡಬಾರದು.

ನನ್ನ ವಿಷಯ ಭೌತವಿಜ್ಞಾನ. ಆದರೂ ಆ ಪ್ರಶ್ನೆಯ ಬೆನ್ನು ಹತ್ತಿ ಓದುತ್ತ ಹೋದಾಗ ಇದು ಬಹುಪಾಲು ಲೆಕ್ಕದ ಕಥೆ ಎಂದು ಗೊತ್ತಾಯಿತು. ಒಂದು ಒಗಟನ್ನು ಮುಂದಿಟ್ಟುಕೊಂಡು ಈ ಕಥೆಯನ್ನು ನೋಡೋಣ. ಪೈರಿಮೆಥಮಿನ್ ಎಂಬ ಔಷಧಿ 1950ರ ದಶಕದಲ್ಲಿ ಬಳಕೆಗೆ ಬಂದು ಕೆಲವೇ ತಿಂಗಳುಗಳಲ್ಲಿ ಸೋಲತೊಡಗಿತು. ಅದಕ್ಕೂ ಮೊದಲೇ ಬಂದ ಕ್ಲೋರೋಕ್ವಿನ್, ಅದಕ್ಕಿಂತ ಎಷ್ಟೋ ಹೆಚ್ಚು ಪ್ರಮಾಣದಲ್ಲಿ ಬಳಕೆಯಾದರೂ, ಹತ್ತು ವರ್ಷಕ್ಕೂ ಹೆಚ್ಚು ಕಾಲ ಎಲ್ಲೆಡೆ ಗೆಲ್ಲುತ್ತಿತ್ತು. ಶತ್ರು ಅದೇ, ದೇಹ ಅದೇ. ಅಂದ ಮೇಲೆ ಈ ವ್ಯತ್ಯಾಸ ಏಕೆ? 'ಒಗ್ಗಿಕೊಳ್ಳುವುದು' ಇದಕ್ಕೆ ಉತ್ತರವಾಗಲಾರದು. ಪರಾವಲಂಬಿ ತನ್ನ ಜೀನೋಮನ್ನು ಹೇಗೆ ನಕಲು ಮಾಡುತ್ತದೆ, ನಕಲಿನಲ್ಲಿ ಎಷ್ಟು ತಪ್ಪು ಮಾಡುತ್ತದೆ ಎಂಬುದರಲ್ಲಿ ಉತ್ತರವಿದೆ.

ಕಾನ್‌ಸ್ಟಂಟೈನ್‌ನ ಸೂಕ್ಷ್ಮದರ್ಶಕ

1880ರ ನವೆಂಬರ್ 6. ಆಲ್ಜೀರಿಯದ ಕಾನ್‌ಸ್ಟಂಟೈನ್ ಎಂಬ ಊರಿನ ಸೈನಿಕ ಆಸ್ಪತ್ರೆ. ಫ್ರೆಂಚ್ ಸೇನಾ ವೈದ್ಯ ಅಲ್ಫೋನ್ಸ್ ಲಾವೆರಾನ್ ಚಳಿಜ್ವರದಿಂದ ನರಳುತ್ತಿದ್ದ ಸೈನಿಕನೊಬ್ಬನ ಹಸಿ ರಕ್ತದ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಮಲೇರಿಯಾ ರೋಗಿಗಳ ರಕ್ತದಲ್ಲಿ ಕಪ್ಪು ಕಣಗಳಿರುವುದು ಮೊದಲೇ ತಿಳಿದಿತ್ತು. ಲಾವೆರಾನ್ ಹುಡುಕುತ್ತಿದ್ದದ್ದು ಆ ಕಣಗಳ ಮೂಲವನ್ನು. ಅಂದು ಕಪ್ಪು ಕಣಗಳಿದ್ದ ದುಂಡನೆಯ ಕಾಯವೊಂದರ ಅಂಚಿನಿಂದ ಸಣ್ಣ ಎಳೆಗಳು ಹೊರಚಿಮ್ಮಿ ಚಾಟಿಯಂತೆ ಬಡಿದಾಡುತ್ತಿದ್ದವು. ಸುತ್ತಲಿನ ಕೆಂಪು ರಕ್ತಕಣಗಳನ್ನು ಅವು ದೂಡಾಡುತ್ತಿದ್ದವು. ಇದು ಜೀವಂತ ಪ್ರಾಣಿಯೇ ಸರಿ ಎಂದು ಅವರಿಗೆ ಖಾತ್ರಿಯಾಯಿತು. ಕೆಟ್ಟ ಗಾಳಿಯಿಂದ, ಜೌಗು ನೆಲದ ಬ್ಯಾಕ್ಟೀರಿಯದಿಂದ ಮಲೇರಿಯಾ ಬರುತ್ತದೆಂದು ನಂಬಿದ್ದ ಕಾಲ ಅದು. ಲಾವೆರಾನ್ ಮಾತನ್ನು ಒಪ್ಪಲು ಇತರರಿಗೆ ಕೆಲವು ವರ್ಷಗಳೇ ಬೇಕಾದವು. ಅವರಿಗೆ ನೊಬೆಲ್ ಬಂದದ್ದು 1907ರಲ್ಲಿ.

ಲಾವೆರಾನ್ ಅಂದು ಕಂಡದ್ದು ಏನು ಎಂಬುದು ಇಂದು ನಮಗೆ ಅವರಿಗಿಂತ ಚೆನ್ನಾಗಿ ಗೊತ್ತು. ಆ ಎಳೆಗಳು ಪರಾವಲಂಬಿಯ ಗಂಡು ಲಿಂಗಾಣುಗಳು. ಸಾಮಾನ್ಯವಾಗಿ ಅವು ಹೊರಬರುವುದು ಸೊಳ್ಳೆಯ ಹೊಟ್ಟೆಯಲ್ಲಿ. ಗಾಜಿನ ಪಟ್ಟಿಯ ಮೇಲೆ ರಕ್ತ ತಣ್ಣಗಾಗಿ, ಅದರ ಕಾರ್ಬನ್ ಡೈಆಕ್ಸೈಡ್ ಹೊರಹೋಗಿ ಕ್ಷಾರಗುಣ ಸ್ವಲ್ಪ ಹೆಚ್ಚಿದಾಗ, ಪರಾವಲಂಬಿ ತಾನು ಸೊಳ್ಳೆಯೊಳಕ್ಕೆ ಬಂದೆನೆಂದೇ ಭಾವಿಸಿ ಮುಂದಿನ ಕೆಲಸಕ್ಕೆ ತೊಡಗುತ್ತದೆ! ಹತ್ತು ಹದಿನೈದು ನಿಮಿಷಗಳೊಳಗೆ ಗಂಡು ಕೋಶ ತನ್ನ ಡಿಎನ್‌ಎಯನ್ನು ಮೂರು ಸುತ್ತು ನಕಲು ಮಾಡಿ, ಒಂದು ಜೀನೋಮನ್ನು ಎಂಟು ಮಾಡಿಕೊಂಡು, ಎಂಟು ಎಳೆಗಳಿಗೆ ಹಂಚುತ್ತದೆ.

ಇದು ಎಂಥ ವೇಗ ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿ. ಮಲೇರಿಯಾಗಳಲ್ಲೇ ಅತಿ ಮಾರಕವಾದುದನ್ನು ತರುವ ಪ್ಲಾಸ್ಮೋಡಿಯಮ್ ಫಾಲ್ಸಿಪ್ಯಾರಮ್‌ನ ಜೀನೋಮಿನಲ್ಲಿ ಸುಮಾರು 2.3 ಕೋಟಿ ಅಕ್ಷರಗಳಿವೆ. ಅಕ್ಷರ ಎಂದರೆ ಎ, ಟಿ, ಜಿ, ಸಿ ಎಂಬ ನಾಲ್ಕು ಪ್ರತ್ಯಾಮ್ಲಗಳು. ಇವು 14 ವರ್ಣತಂತುಗಳಲ್ಲಿ ಹಂಚಿಹೋಗಿವೆ. ಅಂದರೆ ವರ್ಣತಂತುವೊಂದಕ್ಕೆ ಸರಾಸರಿ 16 ಲಕ್ಷ ಅಕ್ಷರ. ರಕ್ತದಲ್ಲಿರುವ ಪರಾವಲಂಬಿಯಲ್ಲಿ ನಕಲು ಮಾಡುವ ಕಿಣ್ವಗಳ ಕೂಟ ನಿಮಿಷಕ್ಕೆ ಸುಮಾರು 1,200 ಅಕ್ಷರಗಳಷ್ಟು ದೂರ ಸಾಗುತ್ತದೆಂದು ಅಳೆದಿದ್ದಾರೆ. ವರ್ಣತಂತುವಿನ ನಡುವೆ ಒಂದೇ ಕಡೆ ಶುರುಮಾಡಿ ಎರಡೂ ದಿಕ್ಕಿಗೆ ಹೊರಟರೂ ಒಂದು ಸುತ್ತು ಮುಗಿಯಲು 11 ಗಂಟೆ ಬೇಕು. ಗಂಡು ಕೋಶಕ್ಕೆ ಸಿಗುವುದು ಸುತ್ತಿಗೆ ಮೂರು ನಿಮಿಷ! ಹಾಗಾದರೆ ಜೀನೋಮಿನ ಉದ್ದಕ್ಕೂ ಮೂರು ಸಾವಿರಕ್ಕೂ ಹೆಚ್ಚು ಕಡೆಗಳಲ್ಲಿ ಏಕಕಾಲಕ್ಕೆ ನಕಲು ಆರಂಭವಾಗಬೇಕು. ಇಲ್ಲವೇ ಕಿಣ್ವಗಳ ವೇಗ ಹೆಚ್ಚಬೇಕು. ಎರಡೂ ಒಟ್ಟಿಗೆ ಇರಲೂಬಹುದು. ನಮಗೆ ತಿಳಿದಿರುವ ಅತಿ ವೇಗದ ಡಿಎನ್‌ಎ ನಕಲುಗಳಲ್ಲಿ ಇದೂ ಒಂದು. ಡಿಎನ್‌ಎ ಎಂಬ ವಸ್ತುವಿನ ಮಹತ್ವವೇ ತಿಳಿಯದಿದ್ದ ಕಾಲದಲ್ಲಿ ಲಾವೆರಾನ್ ಅದರ ಫಲವನ್ನು ಕಣ್ಣಾರೆ ಕಂಡಿದ್ದರು.

ಜ್ವರದ ಗಡಿಯಾರ

ಒಂದು ದಿನ ಬಿಟ್ಟು ಬರುವ ಜ್ವರ, ಎರಡು ದಿನ ಬಿಟ್ಟು ಬರುವ ಜ್ವರ ಎಂಬ ವಿಂಗಡಣೆ ನಮ್ಮ ಹಳೆಯ ವೈದ್ಯರಿಗೂ ಗೊತ್ತಿತ್ತು. ಆಯುರ್ವೇದದ ತೃತೀಯಕ, ಚಾತುರ್ಥಕ ಜ್ವರಗಳು ಇವೇ. ಜ್ವರಕ್ಕೆ ಇಂಥ ಗಡಿಯಾರ ಎಲ್ಲಿಂದ ಬಂತು? 1885-86ರಲ್ಲಿ ಇಟಲಿಯ ಪಾವಿಯಾದಲ್ಲಿ ಕಮಿಲ್ಲೊ ಗಾಲ್ಜಿ ರೋಗಿಗಳ ರಕ್ತವನ್ನು ಕೆಲವು ಗಂಟೆಗಳಿಗೊಮ್ಮೆ ತೆಗೆದು ನೋಡುತ್ತ ಹೋದರು. ನರಕೋಶಗಳಿಗೆ ಬಣ್ಣ ಹಾಕುವ ವಿಧಾನದಿಂದ ಹೆಸರಾದ ಗಾಲ್ಜಿಯೇ ಇವರು. ರಕ್ತಕಣದೊಳಗಿನ ಪರಾವಲಂಬಿಗಳು ಒಟ್ಟೊಟ್ಟಿಗೆ ಬೆಳೆಯುತ್ತವೆ, ಸೇವಂತಿಗೆ ಹೂವಿನ ಎಸಳುಗಳಂತೆ ಹೋಳಾಗುತ್ತವೆ, ರಕ್ತಕಣ ಒಡೆದು ಹೋಳುಗಳು ಹೊರಬೀಳುವ ಹೊತ್ತಿಗೆ ಸರಿಯಾಗಿ ರೋಗಿಗೆ ಚಳಿ ಹತ್ತುತ್ತದೆ. ಒಂದು ಬಗೆಗೆ 48 ಗಂಟೆ, ಮತ್ತೊಂದಕ್ಕೆ 72 ಗಂಟೆ. ಎರಡು ಬಗೆಗಳಲ್ಲಿ ಹೋಳುಗಳ ಸಂಖ್ಯೆಯೂ ಬೇರೆ ಬೇರೆ. ಥರ್ಮಾಮೀಟರಿನ ಏರಿಳಿತವನ್ನು ಒಂದು ಕೋಶದ ವಿಭಜನೆಗೆ ಜೋಡಿಸಿದ ಈ ಕೆಲಸ ನನಗೆ ಅವರ ನರಕೋಶಗಳ ಕೆಲಸದಷ್ಟೇ ಸುಂದರವಾಗಿ ಕಾಣುತ್ತದೆ. ಅವರಿಗೆ ನೊಬೆಲ್ ಬಂದದ್ದು ನರಕೋಶಗಳಿಗೆ, 1906ರಲ್ಲಿ.

ನಾವು ಶಾಲೆಯಲ್ಲಿ ಹೇಳಿಕೊಡುವ ಕೋಶವಿಭಜನೆ ಒಂದು ಎರಡಾಗುವುದು, ಎರಡು ನಾಲ್ಕಾಗುವುದು. ಈ ಪರಾವಲಂಬಿ ಹಾಗಲ್ಲ. ಮೊದಲು ಒಂದೇ ಕೋಶದೊಳಗೆ ಜೀನೋಮನ್ನು ಮತ್ತೆ ಮತ್ತೆ ನಕಲು ಮಾಡಿ ಹಲವು ಕೋಶಕೇಂದ್ರಗಳನ್ನು ತುಂಬಿಕೊಳ್ಳುತ್ತದೆ. ಕೊನೆಗೆ ಒಂದೇ ಬಾರಿಗೆ ಕೋಶ ಹೋಳಾಗುತ್ತದೆ. ಹಾಗಾದರೆ ಹೋಳುಗಳ ಸಂಖ್ಯೆ 8, 16, 32 ಹೀಗೆ ಇರಬೇಕಲ್ಲ? ಎಣಿಸಿದರೆ 18, 22, 25 ಹೀಗೂ ಸಿಗುತ್ತವೆ. ಏಕೆಂದರೆ ಒಂದೇ ಕೋಶದ್ರವ್ಯದಲ್ಲಿ ಇದ್ದರೂ ಪ್ರತಿ ಕೋಶಕೇಂದ್ರ ತನ್ನದೇ ವೇಳೆಯಲ್ಲಿ ನಕಲಿಗೆ ತೊಡಗುತ್ತದೆ. ಒಂದು ದುಡಿಯುವಾಗ ಪಕ್ಕದ್ದು ಸುಮ್ಮನಿರುತ್ತದೆ. ನಕಲಿಗೆ ಬೇಕಾದ ಕಿಣ್ವಗಳನ್ನು ಇವು ಸರದಿಯ ಮೇಲೆ ಬಳಸುವುದರಿಂದ ಒಟ್ಟು ಕೆಲಸ ಬೇಗ ಮುಗಿಯುತ್ತದೆಂದು ಜರ್ಮನಿಯ ಹೈಡೆಲ್‌ಬರ್ಗ್‌ನ ಸಂಶೋಧಕರು 2022ರಲ್ಲಿ ಜೀವಂತ ಕೋಶಗಳನ್ನು ನೋಡಿ ಹೇಳಿದ್ದಾರೆ. ಹೊರಗೆ ರೋಗಿಯ ಜ್ವರ ಗಡಿಯಾರದಂತೆ. ಒಳಗೆ ಮಾತ್ರ ಒಂದಕ್ಕೊಂದು ತಾಳವಿಲ್ಲ!

ಸೊಳ್ಳೆಯ ಪಾತ್ರದ ಕಥೆ ಎಲ್ಲರಿಗೂ ಗೊತ್ತು. ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದಾಗಲೇ ನೀರಿನ ತೊಟ್ಟಿಗೂ ಸೊಳ್ಳೆಗೂ ಇರುವ ನಂಟನ್ನು ಗಮನಿಸಿದ್ದರು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಪರಾವಲಂಬಿಯನ್ನು ಕಂಡರು. ಅದೇ ವರ್ಷ ಅಮೆರಿಕದಲ್ಲಿ ವಿದ್ಯಾರ್ಥಿಯಾಗಿದ್ದ ಮ್ಯಾಕ್‌ಕ್ಯಾಲಮ್, ಹಕ್ಕಿಗಳ ರಕ್ತದಲ್ಲಿರುವ ಇದರ ಹತ್ತಿರದ ಸಂಬಂಧಿಯೊಂದರಲ್ಲಿ, ಲಾವೆರಾನ್ ಕಂಡಂಥದೇ ಎಳೆ ಮತ್ತೊಂದು ಕೋಶದೊಳಕ್ಕೆ ನುಗ್ಗಿದ್ದನ್ನು ನೋಡಿದರು. ಅದು ಗರ್ಭಾಂಕುರ. ಈ ಎರಡನ್ನೂ ಕೂಡಿಸಿದರೆ ನಮ್ಮ ಕಥೆಗೆ ಮುಖ್ಯವಾದ ಸಂಗತಿಯೊಂದು ಹೊರಡುತ್ತದೆ: ಸೊಳ್ಳೆ ಬರಿಯ ವಾಹನವಲ್ಲ, ಎರಡು ಪರಾವಲಂಬಿಗಳ ಜೀನೋಮುಗಳು ಬೆರೆತು ಹೊಸದಾಗಿ ಹಂಚಿಕೆಯಾಗುವ ತಾಣವೂ ಹೌದು. ಮನುಷ್ಯನ ರಕ್ತದಲ್ಲಿರುವ ಪರಾವಲಂಬಿಗೆ ಜೀನೋಮಿನ ಒಂದೇ ಪ್ರತಿ ಇರುತ್ತದೆ, ನಮ್ಮಂತೆ ಜೋಡಿ ಪ್ರತಿ ಇಲ್ಲ. ಆದ್ದರಿಂದ ಒಂದು ಅಕ್ಷರ ಬದಲಾದರೂ ಅದನ್ನು ಮರೆಮಾಚಲು ಇನ್ನೊಂದು ಪ್ರತಿ ಇಲ್ಲ. ಬದಲಾವಣೆಯ ಒಳಿತು ಕೆಡುಕು ಆ ಕ್ಷಣದಿಂದಲೇ ಜಾರಿಗೆ ಬರುತ್ತದೆ.

ಮಾತ್ರೆಗಿಂತ ಮೊದಲು

ಈಗ ಮುಖ್ಯ ಲೆಕ್ಕಕ್ಕೆ ಬರೋಣ. ಇದನ್ನು ಪಿಯುಸಿ ವಿದ್ಯಾರ್ಥಿ ಕರಿಹಲಗೆಯ ಮೇಲೆ ಮಾಡಬಲ್ಲ.

ವಯಸ್ಕ ಮನುಷ್ಯನಲ್ಲಿ ಸುಮಾರು 5 ಲೀಟರ್ ರಕ್ತ. ಘನ ಮಿಲಿಮೀಟರಿಗೆ 50 ಲಕ್ಷ ಕೆಂಪು ಕಣಗಳು. ಒಟ್ಟು 25 ಲಕ್ಷ ಕೋಟಿ ಕಣಗಳಾದವು. ಅವುಗಳಲ್ಲಿ ನೂರಕ್ಕೆ ಒಂದರಲ್ಲಿ ಪರಾವಲಂಬಿ ಇದ್ದರೆ 25,000 ಕೋಟಿ ಪರಾವಲಂಬಿಗಳು. ಇದೇನೂ ಅಪರೂಪದ ಸ್ಥಿತಿಯಲ್ಲ. ಯಕೃತ್ತಿನಿಂದ ಲಕ್ಷ ಪರಾವಲಂಬಿಗಳು ರಕ್ತಕ್ಕೆ ಇಳಿದವೆಂದೂ, ಸಾವುನೋವು ಕಳೆದು 48 ಗಂಟೆಗೊಮ್ಮೆ ಹತ್ತುಪಟ್ಟಾಗುತ್ತವೆಂದೂ ಇಟ್ಟುಕೊಂಡರೆ, ಹನ್ನೆರಡೇ ದಿನಗಳಲ್ಲಿ ಅವು 10,000 ಕೋಟಿ ಆಗುತ್ತವೆ. ಚದುರಂಗದ ಮನೆಗಳಿಗೆ ಕಾಳಿಟ್ಟ ಹಳೆಯ ಕಥೆಯ ಹಾಗೆ.

ಇನ್ನು ತಪ್ಪಿನ ಪ್ರಮಾಣ. ಡಿಎನ್‌ಎ ನಕಲು ಬಹಳ ಎಚ್ಚರದ ಕೆಲಸ. ತಪ್ಪಿದ್ದನ್ನು ತಿದ್ದುವ ವ್ಯವಸ್ಥೆಯೂ ಇದೆ. ಸ್ಥೂಲವಾಗಿ ನೂರು ಕೋಟಿ ಅಕ್ಷರಗಳಿಗೆ ಒಂದು ತಪ್ಪು ಉಳಿಯುತ್ತದೆ ಎನ್ನೋಣ. ಅಳತೆಗಳಲ್ಲಿ ಕೆಲವು ಇದಕ್ಕಿಂತ ಕಡಿಮೆ ಹೇಳುತ್ತವೆ, ನಮ್ಮ ವಾದಕ್ಕೆ ಅದರಿಂದ ಬಾಧಕವಿಲ್ಲ. ಜೀನೋಮಿನ ಯಾವುದೋ ಒಂದು ನಿರ್ದಿಷ್ಟ ಅಕ್ಷರವನ್ನು ಆರಿಸಿಕೊಳ್ಳಿ. 25,000 ಕೋಟಿ ಪರಾವಲಂಬಿಗಳ ಒಂದು ತಲೆಮಾರಿನಲ್ಲಿ ಆ ಅಕ್ಷರ ಸುಮಾರು 250 ಪರಾವಲಂಬಿಗಳಲ್ಲಿ ಬದಲಾಗಿರುತ್ತದೆ. ಬದಲಾಗಬಹುದಾದ ಅಕ್ಷರಗಳು ಮೂರು, ಆದ್ದರಿಂದ ನಿಮಗೆ ಬೇಕಾದ ಅದೇ ಬದಲಾವಣೆ 80ರಷ್ಟರಲ್ಲಿ. ಅಂದರೆ, ಒಂದೇ ಅಕ್ಷರದ ಬದಲಾವಣೆಯಿಂದ ಯಾವುದಾದರೂ ಔಷಧಿಯನ್ನು ಸೋಲಿಸಲು ಸಾಧ್ಯವಿದ್ದರೆ, ಅದನ್ನು ಸೋಲಿಸಬಲ್ಲ ಹತ್ತಾರು ಪರಾವಲಂಬಿಗಳು ರೋಗಿ ಮಾತ್ರೆ ನುಂಗುವ ಮೊದಲೇ ಅವನ ರಕ್ತದಲ್ಲಿವೆ! ಮಾತ್ರೆ ಅವುಗಳನ್ನು ಹುಟ್ಟಿಸುವುದಿಲ್ಲ. ಉಳಿದವನ್ನು ಕೊಂದು ಅವುಗಳಿಗೆ ಜಾಗ ಮಾಡಿಕೊಡುತ್ತದೆ. ಒಗ್ಗಿಕೊಂಡದ್ದು ಯಾವುದೂ ಇಲ್ಲ. ಒಗ್ಗದವು ಸತ್ತವು, ಅಷ್ಟೆ.

ಎರಡು ನಿರ್ದಿಷ್ಟ ಬದಲಾವಣೆಗಳು ಒಂದೇ ಪರಾವಲಂಬಿಯಲ್ಲಿ ಒಮ್ಮೆಗೇ ಆಗಬೇಕೆಂದರೆ? ಸಂಭವನೀಯತೆಗಳನ್ನು ಗುಣಿಸಿ. ಅಂಥದು ಮೂರು ನಾಲ್ಕು ಕೋಟಿ ರೋಗಿಗಳಲ್ಲಿ ಒಬ್ಬರಲ್ಲಿ ಕಾಣಬಹುದು. ಒಂದಕ್ಕೂ ಎರಡಕ್ಕೂ ಇರುವ ಈ ಪ್ರಪಾತವೇ ನಮ್ಮ ಒಗಟಿನ ಬೀಗದಕೈ.

ನೈಸರ್ಗಿಕ ಬದಲಾವಣೆ ಮೊದಲು, ಆಯ್ಕೆ ನಂತರ ಎಂಬುದನ್ನು ಪ್ರಯೋಗದಿಂದ ತೋರಿಸಿದವರಲ್ಲಿ ಒಬ್ಬರು ಭೌತವಿಜ್ಞಾನಿ ಎಂಬುದು ನನಗೆ ಹೆಮ್ಮೆಯ ಸಂಗತಿ. ಕ್ವಾಂಟಮ್ ಸಿದ್ಧಾಂತದಿಂದ ಜೀವವಿಜ್ಞಾನಕ್ಕೆ ಬಂದ ಮ್ಯಾಕ್ಸ್ ಡೆಲ್‌ಬ್ರುಕ್ ಮತ್ತು ಸಾಲ್ವಡೋರ್ ಲೂರಿಯಾ 1943ರಲ್ಲಿ ಬ್ಯಾಕ್ಟೀರಿಯಗಳ ಮೇಲೆ ಈ ಕೆಲಸ ಮಾಡಿದರು. ನೃತ್ಯಕೂಟವೊಂದರಲ್ಲಿ ಸಹೋದ್ಯೋಗಿಯೊಬ್ಬರು ಜೂಜಿನ ಯಂತ್ರಕ್ಕೆ ಕಾಸು ಹಾಕುವುದನ್ನು ನೋಡುತ್ತಿದ್ದಾಗ ಲೂರಿಯಾಗೆ ಇದು ಹೊಳೆಯಿತಂತೆ. ಬ್ಯಾಕ್ಟೀರಿಯಗಳು ವೈರಸ್ಸಿಗೆ ಒಡ್ಡಿಕೊಂಡ ಮೇಲೆ ಬದಲಾಗುವುದಾದರೆ ಎಲ್ಲ ಕೊಳವೆಗಳಲ್ಲೂ ಬದುಕುಳಿಯುವ ಸಂಖ್ಯೆ ಹೆಚ್ಚುಕಡಿಮೆ ಒಂದೇ ಇರಬೇಕು. ಮೊದಲೇ ಯಾವಾಗಲೋ ಬದಲಾಗಿದ್ದರೆ ಕೆಲವು ಕೊಳವೆಗಳಲ್ಲಿ ಸೊನ್ನೆ, ಕೆಲವೊಂದರಲ್ಲಿ ಜಾಕ್‌ಪಾಟ್. ಸಿಕ್ಕಿದ್ದು ಜಾಕ್‌ಪಾಟ್. ಇದು ಮಲೇರಿಯಾ ನಿರ್ಮೂಲನದ ವಿಶ್ವ ಕಾರ್ಯಕ್ರಮ ಆರಂಭವಾಗುವುದಕ್ಕೆ ಹನ್ನೆರಡು ವರ್ಷ ಮೊದಲಿನ ಮಾತು. ಆ ಕಾರ್ಯಕ್ರಮವನ್ನು ರೂಪಿಸಿದವರು ಈ ಲೆಕ್ಕಕ್ಕೆ ಬೆಲೆ ಕೊಡಲಿಲ್ಲವೆಂದೇ ನನಗನ್ನಿಸುತ್ತದೆ.

ಉಪ್ಪಿನಲ್ಲಿ ಔಷಧಿ

ಕ್ಲೋರೋಕ್ವಿನ್‌ನ್ನು ಜರ್ಮನಿಯ ಬೇಯರ್ ಸಂಸ್ಥೆಯಲ್ಲಿ ಹಾನ್ಸ್ ಆಂಡರ್‌ಸಾಗ್ 1934ರಲ್ಲೇ ತಯಾರಿಸಿದ್ದರು. ವಿಷ ಹೆಚ್ಚೆಂದು ಬದಿಗಿಟ್ಟರು. ಎರಡನೆಯ ಮಹಾಯುದ್ಧದ ಹೊತ್ತಿಗೆ ಅದರ ಬೆಲೆ ತಿಳಿಯಿತು. ಯುದ್ಧ ಮುಗಿದ ಮೇಲೆ ಅದು ಜಗತ್ತಿನ ಮುಖ್ಯ ಮಲೇರಿಯಾ ಔಷಧಿಯಾಯಿತು: ಅಗ್ಗ, ಸುರಕ್ಷಿತ, ಮೂರು ದಿನದ ಚಿಕಿತ್ಸೆ. ಪೈರಿಮೆಥಮಿನ್ ಬಂದದ್ದು ಮುಂದೆ 1988ರಲ್ಲಿ ನೊಬೆಲ್ ಪಡೆದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರ ಪ್ರಯೋಗಾಲಯದಿಂದ. 1955ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಲೇರಿಯಾವನ್ನು ಭೂಮಿಯಿಂದಲೇ ಅಳಿಸುವ ಕಾರ್ಯಕ್ರಮ ಸಾರಿತು. ಸೊಳ್ಳೆಗೆ ಡಿಡಿಟಿ, ಮನುಷ್ಯನಿಗೆ ಮಾತ್ರೆ. ಭಾರತದಲ್ಲಿ 1953ರ ನಿಯಂತ್ರಣ ಕಾರ್ಯಕ್ರಮ 1958ರಲ್ಲಿ ನಿರ್ಮೂಲನ ಕಾರ್ಯಕ್ರಮವಾಯಿತು. ವರ್ಷಕ್ಕೆ 7.5 ಕೋಟಿ ಎಂದು ಅಂದಾಜಿಸಿದ್ದ ಪ್ರಕರಣಗಳು 1960ರ ದಶಕದ ಮಧ್ಯದಲ್ಲಿ ಒಂದು ಲಕ್ಷದ ಆಸುಪಾಸಿಗೆ ಇಳಿದವು. ಇದು ಸಣ್ಣ ಸಾಧನೆಯಲ್ಲ.

ಆದರೆ ಊರೂರಿಗೆ ಮಾತ್ರೆ ಹಂಚುವುದು ಕಷ್ಟ. ಬ್ರೆಜಿಲ್‌ನ ಮಾರಿಯೊ ಪಿನೊಟ್ಟಿ ಸುಲಭದ ದಾರಿ ಹುಡುಕಿದರು: ಅಡುಗೆ ಉಪ್ಪಿಗೇ ಔಷಧಿ ಬೆರೆಸುವುದು. ಥೈಲ್ಯಾಂಡ್-ಕಾಂಬೋಡಿಯಾ ಗಡಿಯ ರತ್ನದ ಗಣಿಗಳ ನಾಡಾದ ಪೈಲಿನ್‌ನಲ್ಲೂ ಔಷಧಿಯುಪ್ಪು ಹಂಚಿದರು. ಉದ್ದೇಶ ಒಳ್ಳೆಯದೇ. ಆದರೆ ಒಬ್ಬ ಹೆಚ್ಚು ಉಪ್ಪು ತಿನ್ನುತ್ತಾನೆ, ಒಬ್ಬ ಕಡಿಮೆ; ಮಗುವಿಗೆ ಇನ್ನೂ ಕಡಿಮೆ. ಎಲ್ಲರ ರಕ್ತದಲ್ಲೂ ಸದಾಕಾಲ ಅರೆಬರೆ ಔಷಧಿ. ಸಂಪೂರ್ಣ ನಿರೋಧ ಇನ್ನೂ ಬಾರದ, ಅರ್ಧ ದಾರಿ ಸವೆಸಿದ ಪರಾವಲಂಬಿಗೆ ಇದಕ್ಕಿಂತ ಒಳ್ಳೆಯ ತಾಲೀಮುಮನೆ ಬೇರೆ ಇರಲಿಲ್ಲ. ಎಲ್ಲ ಬದಲಾವಣೆಗಳೂ ಒಮ್ಮೆಗೇ ಬರಬೇಕೆಂದಿಲ್ಲವಲ್ಲ. ಪ್ರತಿ ಮೆಟ್ಟಿಲಿನಲ್ಲೂ ಚೂರು ಲಾಭ ಸಿಕ್ಕರೆ ಒಂದೊಂದಾಗಿ ಏರಬಹುದು.

ಪೈರಿಮೆಥಮಿನ್‌ಗೆ ಮೆಟ್ಟಿಲೇ ಬೇಕಾಗಲಿಲ್ಲ. ಪೂರ್ವ ಆಫ್ರಿಕಾದ ಹಳ್ಳಿಗಳಲ್ಲಿ ಸಾಮೂಹಿಕವಾಗಿ ಕೊಟ್ಟ ಕೆಲವೇ ತಿಂಗಳುಗಳಲ್ಲಿ ಅದಕ್ಕೆ ಜಗ್ಗದ ಪರಾವಲಂಬಿಗಳು ಕಂಡವು. ಕಾರಣ ತಿಳಿದದ್ದು 1988ರಲ್ಲಿ: ಡಿಎನ್‌ಎಗೆ ಬೇಕಾದ ಕಚ್ಚಾವಸ್ತು ಒದಗಿಸುವ ಕಿಣ್ವವೊಂದರ 108ನೆಯ ಅಮೈನೊ ಆಮ್ಲ ಬದಲಾಗಿತ್ತು. ಜೀನಿನಲ್ಲಿ ಜಿ ಇದ್ದಲ್ಲಿ ಎ, ಅಷ್ಟೆ. ಒಂದು ಅಕ್ಷರ! ಕ್ಲೋರೋಕ್ವಿನ್ ನಿರೋಧ 1950ರ ದಶಕದ ಕೊನೆಗೆ ಥೈಲ್ಯಾಂಡ್-ಕಾಂಬೋಡಿಯಾ ಗಡಿಯಲ್ಲೂ ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲೂ ತಲೆಯೆತ್ತಿತು. ಭಾರತದಲ್ಲಿ ಮೊದಲು ವರದಿಯಾದದ್ದು 1973ರಲ್ಲಿ, ಅಸ್ಸಾಮಿನ ಕಾರ್ಬಿ ಆಂಗ್ಲಾಂಗ್‌ನಲ್ಲಿ. ಆಫ್ರಿಕಾದ ಪೂರ್ವ ತೀರ ಮುಟ್ಟಿದ್ದು 1970ರ ದಶಕದ ಕೊನೆಗೆ. ವಿಶ್ವ ಕಾರ್ಯಕ್ರಮವನ್ನು 1969ರಲ್ಲೇ ಕೈಬಿಟ್ಟಾಗಿತ್ತು. ಭಾರತದಲ್ಲಿ 1976ರ ಹೊತ್ತಿಗೆ ಪ್ರಕರಣಗಳು ಮತ್ತೆ 64 ಲಕ್ಷಕ್ಕೆ ಏರಿದ್ದವು. ಇದಕ್ಕೆ ಔಷಧ ನಿರೋಧವೊಂದೇ ಕಾರಣವಲ್ಲ. ಡಿಡಿಟಿಗೆ ಜಗ್ಗದ ಸೊಳ್ಳೆಗಳು, ಸಡಿಲಗೊಂಡ ಆಡಳಿತ, ಹಣದ ಕೊರತೆ ಎಲ್ಲವೂ ಸೇರಿದ್ದವು.

ಮೇಣದಬತ್ತಿಯ ಜಾಡಿಯಿಂದ ಜೀನಿನವರೆಗೆ

ಕ್ಲೋರೋಕ್ವಿನ್ ಸೋಲಿನ ಕಾರಣ ಹುಡುಕಲು ಪರಾವಲಂಬಿಯನ್ನು ಪ್ರಯೋಗಾಲಯದಲ್ಲಿ ಸಾಕಬೇಕು. ಅದು 1976ರವರೆಗೆ ಆಗಿರಲಿಲ್ಲ. ನ್ಯೂಯಾರ್ಕಿನ ರಾಕೆಫೆಲರ್ ವಿಶ್ವವಿದ್ಯಾನಿಲಯದ ವಿಲಿಯಂ ಟ್ರಾಗರ್ ಮತ್ತು ಜೇಮ್ಸ್ ಜೆನ್ಸನ್ ಮಾಡಿದ ಉಪಾಯ ಎಷ್ಟು ಸರಳ ನೋಡಿ. ಮನುಷ್ಯರ ರಕ್ತಕಣಗಳಿದ್ದ ತಟ್ಟೆಗಳನ್ನು ಪ್ರತಿ ಕಾಲೇಜಿನಲ್ಲೂ ಇರುವಂಥ ಗಾಜಿನ ಡೆಸಿಕೇಟರ್ ಜಾಡಿಯಲ್ಲಿಟ್ಟು, ಒಳಗೊಂದು ಮೇಣದಬತ್ತಿ ಹಚ್ಚಿ ಮುಚ್ಚಿದರು. ಬತ್ತಿ ಆರುವ ಹೊತ್ತಿಗೆ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಿರುತ್ತದೆ. ಪರಾವಲಂಬಿಗೆ ಬೇಕಿದ್ದದ್ದು ಅದೇ. ಇಂದಿಗೂ ಅನೇಕ ಪ್ರಯೋಗಾಲಯಗಳ ಪರಾವಲಂಬಿ ಸಾಕಣೆ ಈ ವಿಧಾನದ ಮೇಲೆಯೇ ನಿಂತಿದೆ.

ಮುಂದಿನ ಹೆಜ್ಜೆ ಮೆಂಡೆಲ್ ಬಟಾಣಿಯಲ್ಲಿ ಮಾಡಿದ್ದೇ. ನಿರೋಧವಿರುವ ತಳಿಯನ್ನೂ ಇಲ್ಲದ ತಳಿಯನ್ನೂ ಕೂಡಿಸಿ, ಮರಿಗಳಲ್ಲಿ ಆ ಗುಣ ಯಾವ ವರ್ಣತಂತುವಿನ ತುಂಡಿನ ಜೊತೆ ಹೋಗುತ್ತದೆಂದು ನೋಡುವುದು. ಕೂಡಿಸುವುದು ಸೊಳ್ಳೆಯೊಳಗೆ, ಬಳಿಕ ಬೆಳೆಸಲು ಯಕೃತ್ತು ಬೇಕು, ಅದಕ್ಕೆ ಚಿಂಪಾಂಜಿಗಳನ್ನು ಬಳಸಿದರು. ಇಂದು ಯಾರೂ ಸುಲಭವಾಗಿ ಒಪ್ಪಲಾರದ ಪ್ರಯೋಗ ಅದು. ಎಡಿನ್‌ಬರೋದ ಡೇವಿಡ್ ವಾಲಿಕರ್ ಮತ್ತು ಅಮೆರಿಕದ ಸಂಗಡಿಗರು ಫಾಲ್ಸಿಪ್ಯಾರಮ್‌ನ ಮೊದಲ ಸಂಕರವನ್ನು 1987ರಲ್ಲಿ ಪ್ರಕಟಿಸಿದರು. ಅನಂತರ ಥಾಮಸ್ ವೆಲೆಮ್ಸ್ ತಂಡ ಇಂಡೋಚೀನಾದ ನಿರೋಧಕ ತಳಿಯನ್ನು ಹೊಂಡುರಾಸಿನ ಸಾಧು ತಳಿಯೊಡನೆ ಕೂಡಿಸಿ, 7ನೆಯ ವರ್ಣತಂತುವಿನ ಒಂದು ತುಂಡಿಗೆ ಬಂದು ನಿಂತಿತು. ಜೀನು ಕೈಗೆ ಸಿಕ್ಕಿದ್ದು 2000ದಲ್ಲಿ. ಅದು ಪರಾವಲಂಬಿಯ ಜೀರ್ಣಕೋಶದ ಪೊರೆಯಲ್ಲಿ ಕೂತಿರುವ ಸಾಗಣೆಯ ಪ್ರೋಟೀನಿನದು.

ಲಾವೆರಾನ್ ಬೆನ್ನುಹತ್ತಿದ್ದ ಕಪ್ಪು ಕಣಗಳು ನೆನಪಿವೆಯಲ್ಲ? ಪರಾವಲಂಬಿ ಹಿಮೋಗ್ಲೋಬಿನ್ ತಿಂದಾಗ ಉಳಿಯುವ ಹೀಮ್ ಅದಕ್ಕೇ ವಿಷ. ಅದನ್ನು ಹರಳುಗಟ್ಟಿಸಿ ನಿರುಪದ್ರವಿ ಮಾಡಿಕೊಳ್ಳುತ್ತದೆ. ಆ ಹರಳೇ ಕಪ್ಪು ಕಣ. ಕ್ಲೋರೋಕ್ವಿನ್ ಹರಳುಗಟ್ಟದಂತೆ ತಡೆಯುತ್ತದೆ. ಬದಲಾದ ಪ್ರೋಟೀನು ಕ್ಲೋರೋಕ್ವಿನ್‌ನ್ನು ಜೀರ್ಣಕೋಶದಿಂದ ಹೊರಕ್ಕೆ ಸಾಗಿಸಿಬಿಡುತ್ತದೆ. ಇದಕ್ಕೆ 76ನೆಯ ಅಮೈನೊ ಆಮ್ಲದ ಬದಲಾವಣೆ ಅತ್ಯಗತ್ಯ, ಆದರೆ ಅದೊಂದೇ ಸಾಲದು. ರೋಗಿಗಳಲ್ಲಿ ಸಿಕ್ಕ ನಿರೋಧಕ ತಳಿಗಳಲ್ಲಿ ಕನಿಷ್ಠ ನಾಲ್ಕು ಬದಲಾವಣೆಗಳಿವೆ, ಕೆಲವದರಲ್ಲಿ ಎಂಟು. ಒಗಟು ಬಿಡಿಸಿಕೊಂಡಿತು. ಪೈರಿಮೆಥಮಿನ್‌ಗೆ ಒಂದು ಅಕ್ಷರ, ಯಾವ ರೋಗಿಯಲ್ಲಾದರೂ ಸಿಗುವಂಥದು. ಕ್ಲೋರೋಕ್ವಿನ್‌ಗೆ ಹಲವು, ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಸಲ ಮಾತ್ರ ಕೂಡಿಬಂದದ್ದು. ಆಫ್ರಿಕಾಕ್ಕೆ ಹೋದದ್ದು ಅಲ್ಲೇ ಹುಟ್ಟಿದ್ದಲ್ಲ, ಆಗ್ನೇಯ ಏಷ್ಯಾದಿಂದ ಪ್ರಯಾಣ ಮಾಡಿದ್ದು. ಭಾರತದ ಮಾತೇನು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2004ರಲ್ಲಿ ಪ್ರಕಟಿಸಿದಂತೆ, ನಮ್ಮಲ್ಲಿ ವ್ಯಾಪಕವಾಗಿರುವುದು ಆಗ್ನೇಯ ಏಷ್ಯಾದ ಪಾಠವಲ್ಲ, ದಕ್ಷಿಣ ಅಮೆರಿಕ ಮತ್ತು ಪಪುವಾ ನ್ಯೂಗಿನಿಗಳಲ್ಲಿ ಕಾಣುವ ಇನ್ನೊಂದು ಪಾಠ.

ಲಿಪಿಕಾರನ ಕಣ್ಣು ತಪ್ಪಿದಾಗ

2002ರ ಅಕ್ಟೋಬರಿನಲ್ಲಿ ಫಾಲ್ಸಿಪ್ಯಾರಮ್‌ನ ಇಡೀ ಜೀನೋಮು ಪ್ರಕಟವಾಯಿತು. ಸುಮಾರು 5,300 ಜೀನುಗಳು. ವಿಚಿತ್ರವೆಂದರೆ ಅದರ ಅಕ್ಷರಗಳಲ್ಲಿ ನೂರಕ್ಕೆ 80 ಎ ಮತ್ತು ಟಿ. ಎಷ್ಟೋ ಕಡೆ ಸಾಲುಗಟ್ಟಲೆ ಎಎಎಎ, ಟಿಎಟಿಎ. ತಾಳೆಗರಿಗಳನ್ನು ಸಂಪಾದಿಸಿದವರಿಗೆ ಇದರ ಅಪಾಯ ಗೊತ್ತು. ಒಂದೇ ಪದ ಎರಡು ಸಾಲುಗಳಲ್ಲಿ ಬಂದರೆ ಲಿಪಿಕಾರನ ಕಣ್ಣು ಜಾರಿ, ಒಂದೋ ನಡುವಿನ ಸಾಲು ಬಿಟ್ಟುಹೋಗುತ್ತದೆ, ಇಲ್ಲವೇ ಎರಡು ಸಲ ಬರೆದುಹೋಗುತ್ತದೆ. ಪರಾವಲಂಬಿಯಲ್ಲೂ ಹಾಗೆಯೇ. ನಕಲಿನ ವೇಳೆ ತುಂಡಾದ ಎಳೆ ಇಂಥ ಒಂದೇ ರೀತಿಯ ಅಕ್ಷರಮಾಲೆಯಿದ್ದ ಬೇರೆ ಕಡೆಗೆ ಅಂಟಿಕೊಂಡರೆ, ನಡುವಿನ ಇಡೀ ತುಂಡು, ಹಲವು ಜೀನುಗಳ ಸಮೇತ, ಎರಡು ಪ್ರತಿಯಾಗುತ್ತದೆ. ಅಮೆರಿಕದ ಸಂಶೋಧಕರು 2013ರಲ್ಲಿ ಹೊಸ ಔಷಧಿಯೊಂದನ್ನು ಒಡ್ಡಿ ಸಾಕಿದ ಪರಾವಲಂಬಿಗಳಲ್ಲಿ ಇದನ್ನು ಎರಡು ಹಂತಗಳಲ್ಲಿ ಕಂಡರು. ಮೊದಲು ಒಂದು ಜೋಡಿ ಪ್ರತಿ. ಅದರ ಅಂಚು ಇರುವುದು ಎ-ಟಿ ಮಾಲೆಗಳಲ್ಲೇ. ಔಷಧಿಯ ಪ್ರಮಾಣ ಹೆಚ್ಚಿಸಿದಾಗ ಅದೇ ತುಂಡು ಮತ್ತೆ ಮತ್ತೆ ನಕಲಾಗಿ ಪ್ರತಿಗಳ ಸಾಲೇ ಆಯಿತು. ಔಷಧಿ ಒಂದು ಕಿಣ್ವವನ್ನು ಕಟ್ಟಿಹಾಕಿದರೆ ಪರಾವಲಂಬಿ ಆ ಕಿಣ್ವವನ್ನೇ ಹತ್ತುಪಟ್ಟು ತಯಾರಿಸುತ್ತದೆ!

ರೋಗಿಗಳಲ್ಲೂ ಹೀಗಾಗಿದೆ. ಮೆಫ್ಲೋಕ್ವಿನ್ ಸೋತದ್ದಕ್ಕೆ ಥೈಲ್ಯಾಂಡಿನಲ್ಲಿ ಒಂದು ಸಾಗಣೆ ಜೀನಿನ ಪ್ರತಿಗಳು ಹೆಚ್ಚಾದದ್ದು ಕಾರಣ. ಕಾಂಬೋಡಿಯಾದಲ್ಲಿ ಪೈಪೆರಾಕ್ವಿನ್ ಸೋತಾಗ ಬೇರೆ ಎರಡು ಜೀನುಗಳ ಪ್ರತಿಗಳು ಹೆಚ್ಚಿದ್ದವು. ಸಾಲು ಬಿಟ್ಟುಹೋದ ಉದಾಹರಣೆಯೂ ಇದೆ. ಶೀಘ್ರ ರಕ್ತಪರೀಕ್ಷೆಯ ಪಟ್ಟಿ ಗುರುತಿಸುವ ಪ್ರೋಟೀನಿನ ಜೀನನ್ನೇ ಕಳೆದುಕೊಂಡ ಪರಾವಲಂಬಿಗಳು 2010ರಲ್ಲಿ ಪೆರು ದೇಶದಿಂದ ವರದಿಯಾದವು. ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ, ಆದ್ದರಿಂದ ಚಿಕಿತ್ಸೆಯೂ ಆಗುವುದಿಲ್ಲ.

ಆದರೆ ಪ್ರತಿಯೊಂದು ಬದಲಾವಣೆಗೂ ಬೆಲೆ ತೆರಬೇಕು. ಆಫ್ರಿಕಾದ ಮಲಾವಿ ದೇಶ 1993ರಲ್ಲಿ ಕ್ಲೋರೋಕ್ವಿನ್ ಬಳಕೆ ನಿಲ್ಲಿಸಿತು. 1992ರಲ್ಲಿ ನೂರಕ್ಕೆ 85ರಷ್ಟಿದ್ದ ನಿರೋಧಕ ಪರಾವಲಂಬಿಗಳು 2000ದ ಹೊತ್ತಿಗೆ 13ಕ್ಕೆ ಇಳಿದವು. 2005ರಲ್ಲಿ ಅಲ್ಲಿನ ಮಕ್ಕಳಿಗೆ ಪ್ರಯೋಗಾರ್ಥ ಕ್ಲೋರೋಕ್ವಿನ್ ಕೊಟ್ಟಾಗ 99 ಭಾಗ ಗುಣ ಕಂಡಿತು. ಬದಲಾದ ಪರಾವಲಂಬಿಗಳು ಹಳೆಯ ಪಾಠಕ್ಕೆ ಮರಳಿದವೆಂದು ತಿಳಿಯಬೇಡಿ. ಹಳೆಯ ಪಾಠದವು ಅಲ್ಲಲ್ಲಿ ಉಳಿದಿದ್ದವು. ಔಷಧಿಯಿಲ್ಲದ ಓಟದಲ್ಲಿ ಅವೇ ಮುಂದೆ ಬಂದವು. ಒಗ್ಗಿಕೊಳ್ಳುವ ವಾದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಆ ಶಿಕ್ಷಕಿಗೆ ನಾನು ಅಂದು ಹೇಳಬೇಕಿದ್ದ ಉದಾಹರಣೆಯೂ ಇದೇ.

ಚೀನಾದ ತು ಯುಯು ಅವರು 1970ರ ದಶಕದ ಆರಂಭದಲ್ಲಿ ಗಿಡವೊಂದರಿಂದ ತೆಗೆದ, 2015ರಲ್ಲಿ ನೊಬೆಲ್ ತಂದುಕೊಟ್ಟ ಆರ್ಟಿಮಿಸಿನಿನ್ ಈಗ ಫಾಲ್ಸಿಪ್ಯಾರಮ್ ಚಿಕಿತ್ಸೆಯ ಬೆನ್ನೆಲುಬು. ಅದನ್ನು ಒಂಟಿಯಾಗಿ ಕೊಡಬಾರದು, ಬೇರೆ ದಾರಿಯಲ್ಲಿ ಕೊಲ್ಲುವ ಇನ್ನೊಂದು ಔಷಧಿಯ ಜೊತೆಗೇ ಕೊಡಬೇಕು ಎಂಬ ನಿಯಮ ಮೇಲಿನ ಗುಣಾಕಾರದಿಂದಲೇ ಬಂದದ್ದು. ಭಾರತದಲ್ಲೂ 2010ರಿಂದ ಫಾಲ್ಸಿಪ್ಯಾರಮ್‌ಗೆ ಜೋಡಿ ಔಷಧಿಯೇ. ವೈವಾಕ್ಸ್ ಎಂಬ ಇನ್ನೊಂದು ಬಗೆಗೆ ಕ್ಲೋರೋಕ್ವಿನ್ ಇನ್ನೂ ನಡೆಯುತ್ತಿದೆ. 2008-09ರಲ್ಲಿ ಆರ್ಟಿಮಿಸಿನಿನ್ ಕೊಟ್ಟರೂ ಪರಾವಲಂಬಿಗಳು ರಕ್ತದಿಂದ ನಿಧಾನವಾಗಿ ಮರೆಯಾಗುವ ವರದಿಗಳು ಬಂದದ್ದು ಪಶ್ಚಿಮ ಕಾಂಬೋಡಿಯಾದಿಂದ, ಅದೇ ಪೈಲಿನ್ ಸೀಮೆಯಿಂದ! 2014ರಲ್ಲಿ ಅದಕ್ಕೆ ಕಾರಣವಾದ ಜೀನು ಸಿಕ್ಕಿತು. ಅದರ ಹೆಸರು ಕೆಲ್ಚ್-13. ಅದು ಬದಲಾದ ಪರಾವಲಂಬಿ ಔಷಧಿಯನ್ನು ಹೊರದೂಡುವುದಿಲ್ಲ. ಎಳೆಯ ಹಂತದಲ್ಲಿ ಹಿಮೋಗ್ಲೋಬಿನ್ ತಿನ್ನುವುದನ್ನು ಕಡಿಮೆ ಮಾಡಿ, ತನ್ನ ಗಡಿಯಾರವನ್ನೇ ನಿಧಾನಗೊಳಿಸಿ, ಕೆಲವೇ ಗಂಟೆ ರಕ್ತದಲ್ಲಿ ಉಳಿಯುವ ಔಷಧಿ ಇಳಿದುಹೋಗುವವರೆಗೆ ಕಾಯುತ್ತದೆ. ಗಾಲ್ಜಿ ಇದ್ದಿದ್ದರೆ ಖುಷಿಪಡುತ್ತಿದ್ದರು.

ಇದಕ್ಕೆ ಒಂದು ಅಕ್ಷರದ ಬದಲಾವಣೆ ಸಾಕು. ಹಾಗಾಗಿ ಏಷ್ಯಾದಿಂದ ಆಫ್ರಿಕಾಕ್ಕೆ ಹೋಗುವ ವಿಮಾನಗಳ ಮೇಲಷ್ಟೇ ಕಣ್ಣಿಟ್ಟರೆ ಆಗುತ್ತಿರಲಿಲ್ಲ. 2020ರಲ್ಲಿ ರುವಾಂಡಾದ ಸಂಶೋಧಕರು ತಮ್ಮ ದೇಶದ ರೋಗಿಗಳಲ್ಲಿ ಈ ಜೀನಿನ 561ನೆಯ ಅಮೈನೊ ಆಮ್ಲ ಬದಲಾಗಿರುವುದನ್ನು ಪ್ರಕಟಿಸಿದರು. ಅದರ ಅಕ್ಕಪಕ್ಕದ ಡಿಎನ್‌ಎಯನ್ನು ಏಷ್ಯಾದ ತಳಿಗಳೊಡನೆ ಹೋಲಿಸಿ ನೋಡಿದಾಗ ಹೊಂದಿಕೆಯಾಗಲಿಲ್ಲ. ಈ ಬದಲಾವಣೆ ಹೊರಗಿನಿಂದ ಬಂದದ್ದಲ್ಲ, ಆಫ್ರಿಕಾದಲ್ಲೇ ಹುಟ್ಟಿದ್ದು. ಮರುವರ್ಷ ಉಗಾಂಡಾದಿಂದಲೂ ಬೇರೆ ಬದಲಾವಣೆಗಳ ವರದಿ ಬಂತು. ರುವಾಂಡಾದ ಆ ಅಧ್ಯಯನದ ಮಟ್ಟಿಗೆ ಜೊತೆಯ ಔಷಧಿ ಲ್ಯೂಮೆಫಾಂಟ್ರಿನ್ ಇನ್ನೂ ಕೆಲಸ ಮಾಡುತ್ತಿತ್ತು, ಬಹುತೇಕ ಮಕ್ಕಳು ಗುಣವಾದರು.